ದೇವರ ಪಾಠಕ್ಕೆ ಮುಂಚೆ ಲಿಪಿ ನೋಡಿ

ಮುಂಬಯಿ ಕಡೆಯ ಮಾಟುಂಗಾ, ಮುಲುಂಡ್, ಡೊಂಬಿವಲಿಯ ಕನ್ನಡದ ಮನೆಗಳಲ್ಲಿ ಬೇಸಿಗೆ ರಜೆ ಬಂತೆಂದರೆ ಅದೇ ಚರ್ಚೆ. ಮಗುವಿಗೆ ದೇವರು ದಿಂಡರು ಅಂತ ಈಗಲೇ ಕಲಿಸಬೇಕಾ, ದೊಡ್ಡದಾದ ಮೇಲೆ ತಾನೇ ಆರಿಸಿಕೊಳ್ಳಲಿ ಅಂತ ಬಿಡಬೇಕಾ? ಕಲಿಸಿ ಅನ್ನೋದು ನನ್ನ ಪಕ್ಷ. ಏನೂ ಗೊತ್ತಿಲ್ಲದ ಮಗು ಯಾವುದರೊಳಗಿಂದ ಆರಿಸುತ್ತೆ? ತಕರಾರು ಇರೋದು ಕಲಿಸುವ ರೀತಿಗೆ.

ಮೊದಲು ಲಿಪಿ. ಮಕ್ಕಳಿಗೆ ಕನ್ನಡ ಓದೋಕೆ ಬರಲ್ಲ ಅಂತ ಶ್ಲೋಕ, ದಾಸರ ಪದಗಳನ್ನ ವಾಟ್ಸಾಪ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕಳಿಸ್ತೀರಿ. ಅದರಲ್ಲಿ ತ-ಟ, ದ-ಡ, ನ-ಣ, ಲ-ಳ ಎಲ್ಲ ಒಂದೇ. ಒಮ್ಮೆ ತಪ್ಪಾಗಿ ನಾಲಿಗೆಗೆ ಕೂತದ್ದು ಆಮೇಲೆ ಸುಲಭಕ್ಕೆ ಏಳಲ್ಲ. ಸಂಸ್ಕೃತ ಶ್ಲೋಕಕ್ಕಾದರೆ ಶಾಲೆಯ ಮರಾಠಿ-ಹಿಂದಿಯಿಂದ ಬಂದ ದೇವನಾಗರಿಯೇ ಸಾಕು. ದಾಸರ ಪದಕ್ಕೆ, ವಚನಕ್ಕೆ ಅದು ಕೈಕೊಡುತ್ತೆ. ರೂಢಿಯ ದೇವನಾಗರಿಯಲ್ಲಿ ಹ್ರಸ್ವ ಎ, ಒ ಇಲ್ಲ. 'ಕೆರೆ' ಅಂತ ಬರೆದುಕೊಟ್ಟರೆ ಮಗು 'ಕೇರೇ' ಅಂತ ಓದುತ್ತೆ, ನೀರಿದ್ದ ಕಡೆ ಹಾವು ಬಂತು! 'ಕೊಡು' ಅಂತ ದೇವರಿಗೆ ಕೈಮುಗಿದರೆ 'ಕೋಡು' ಕೇಳಿದ ಹಾಗೆ. ಕನ್ನಡದ ಪದಗಳನ್ನ ಕನ್ನಡ ಅಕ್ಷರದಲ್ಲೇ ಕಲಿಸಿ. ದಿನಕ್ಕೆ ಎರಡಕ್ಷರ ಅಂದರೂ ಒಂದು ತಿಂಗಳೊಳಗೆ ವರ್ಣಮಾಲೆ ಮುಗಿಯುತ್ತೆ, ಕಾಗುಣಿತಕ್ಕೆ ಇನ್ನೊಂದು ತಿಂಗಳು ಹಿಡಿಯಿರಿ.

ಆಮೇಲೆ ಆನ್‌ಲೈನ್ ಕ್ಲಾಸು. ಇಪ್ಪತ್ತು ಮಕ್ಕಳು ಒಟ್ಟಿಗೆ ಹೇಳಿದರೆ ಒಬ್ಬೊಬ್ಬರ ದನಿ ಒಂದೊಂದು ಹೊತ್ತಿಗೆ ತಲುಪಿ ಕಲಸುಮೇಲೋಗರ ಆಗುತ್ತೆ. ಅದಕ್ಕೇ ಎಲ್ಲರ ಮೈಕ್ ಮುಚ್ಚಿಸ್ತಾರೆ. ತಪ್ಪು ಯಾರ ಕಿವಿಗೂ ಬೀಳಲ್ಲ. ನಾಲ್ಕೇ ಮಕ್ಕಳು, ಇಪ್ಪತ್ತು ನಿಮಿಷ, ಒಬ್ಬರಾದ ಮೇಲೆ ಒಬ್ಬರು. ವೇದಪಾಠದಲ್ಲಿ 'ಸಂತೆ' ಅಂತ ಕರೆಯುವ, ಹೇಳಿಕೊಡುವ ಕ್ರಮವೇ ಸರಿ: ಗುರು ಒಂದು ಸಲ, ಶಿಷ್ಯ ಎರಡು ಸಲ.

'ದೇವರು ಕಣ್ಣು ಕೀಳ್ತಾನೆ' ಅನ್ನೋದನ್ನ ಇವತ್ತೇ ನಿಲ್ಲಿಸಿ. ಪರೀಕ್ಷೆಗೆ ಹರಕೆ ಹೊರಿಸೋದನ್ನೂ. ಮಾರ್ಕ್ಸ್ ಬಂದರೆ ಓದಿದ್ದು ತಾನು ಅನ್ನೋದೇ ಮಗುವಿಗೆ ಮರೆತುಹೋಗುತ್ತೆ, ಬರದಿದ್ದರೆ ದೇವರ ಮೇಲೆ ಮುನಿಸು. ಜಾತಿಗೊಂದು ಸಂಘ ಕಟ್ಟಿಕೊಂಡ ನಮ್ಮ ಊರಲ್ಲಿ ಮಡಿ-ಮೈಲಿಗೆಯ ಪಾಠವೂ ಶ್ಲೋಕದ ಬೆನ್ನಿಗೇ ಬರುತ್ತೆ. ಅದನ್ನ ಬಾಗಿಲಲ್ಲೇ ತಡೀಬೇಕು.

ಎಂಟು-ಒಂಬತ್ತು ವರ್ಷಕ್ಕೆ ಒಂದು ಬುಧವಾರ ಮಾಹಿಮ್‌ಗೆ ಕರ್ಕೊಂಡು ಹೋಗಿ. ಸೇಂಟ್ ಮೈಕೆಲ್ ಚರ್ಚಿನ ಬುಧವಾರದ ನೊವೆನಾ ಪ್ರಾರ್ಥನೆ, ಮಖ್ದೂಮ್ ಅಲಿ ಮಾಹಿಮಿ ದರ್ಗಾ, ಶೀತಲಾದೇವಿ ಗುಡಿ, ಮೂರೂ ಆ ಒಂದೇ ಪೇಟೆಯಲ್ಲಿವೆ. ತಲೆಗೆ ಕರವಸ್ತ್ರ, ಕಾಲಿಗೆ ಬೇಗ ಬಿಚ್ಚುವ ಚಪ್ಪಲಿ ಇರಲಿ. ದಾದರ್‌ನ ಅಗಿಯಾರಿ, ಅಂದರೆ ಪಾರ್ಸಿಗಳ ಅಗ್ನಿಮಂದಿರದೊಳಗೆ ನಮ್ಮನ್ನ ಬಿಡಲ್ಲ. ಹೊರಗೆ ನಿಂತು ಅದನ್ನೂ ಹೇಳಿ.

ಕಾನ್ವೆಂಟಿಗೆ ಸೇರಿಸಿ ಪ್ರಾರ್ಥನೆ ಬಗ್ಗೆ ಗೊಣಗುವವರಿಗೊಂದು ಮಾತು: ಸರ್ಕಾರದ ಮಾನ್ಯತೆ ಇರುವ ಶಾಲೆ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನ ಧರ್ಮಬೋಧನೆಗೆ ಕೂರಿಸುವಂತಿಲ್ಲ, ಸಂವಿಧಾನದ 28ನೇ ವಿಧಿ. ಬೇಡ ಅಂತ ಬರೆದುಕೊಡಿ.

ಕಲಿಸಿದರೆ ಮಗು ಕಟ್ಟುಬೀಳುತ್ತೆ ಅನ್ನುವವರು ದಾದರ್‌ನಲ್ಲಿ ಅಂಬೇಡ್ಕರ್ ಅಂತ್ಯಸಂಸ್ಕಾರವಾದ ಚೈತ್ಯಭೂಮಿಯ ಮುಂದೆ ಸ್ವಲ್ಪ ನಿಂತು ಯೋಚಿಸಲಿ. ಅಂಬೇಡ್ಕರ್ ಬೆಳೆದದ್ದು ಕಬೀರಪಂಥಿ ಮನೆಯಲ್ಲಿ, ಅಪ್ಪ ರಾಮಾಯಣ-ಮಹಾಭಾರತ ಓದಿಸುತ್ತಿದ್ದರು. ಹಿಂದೂವಾಗಿ ಸಾಯಲ್ಲ ಅಂತ 1935ರಲ್ಲಿ ಯೇವಲೆಯಲ್ಲಿ ಸಾರಿ, ಬೌದ್ಧರಾದದ್ದು 1956ರ ಅಕ್ಟೋಬರ್ 14ಕ್ಕೆ. ನಡುವೆ 21 ವರ್ಷ.

ಹನ್ನೆರಡು-ಹದಿಮೂರಕ್ಕೆ ನಿಮ್ಮ ಮಗನೋ ಮಗಳೋ ಪೂಜೆಗೆ ಕೂರಲ್ಲ ಅಂದರೆ ಯಾಕೆ ಅಂತ ಒಂದು ಸಲ ಕೇಳಿ, ಬಿಟ್ಟುಬಿಡಿ. ಹೋಳಿಗೆ ಮಾತ್ರ ಕೂತವರಿಗೂ ಕೂರದವರಿಗೂ ಒಂದೇ ಲೆಕ್ಕದಲ್ಲಿ ಬಡಿಸಿ.