ವಿಶ್ವದಲ್ಲೇ ಮೊದಲಂತೆ!

ನಿನ್ನೆ ಅಕ್ಕನ ಮಗ ಒಂದು ಕಾರ್ಯಕ್ರಮಕ್ಕೆ ಎಳೆದುಕೊಂಡು ಹೋಗಿದ್ದ. "ಬನ್ನಿ ಮಾಮ, ಸರ್ಕ್ಯೂಟು, ಮ್ಯೂಸಿಕ್ಕು ಎರಡೂ ಇದೆ, ನಿಮಗೆ ಇಷ್ಟ ಆಗತ್ತೆ" ಅಂದ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಒಂದೂಕಾಲು ಗಂಟೆ ಕೂತು ಹೋದೆವು. ವೇದಿಕೆಯ ಮೇಲೆ ಒಬ್ಬ ಹುಡುಗ ಟ್ಯಾಬಿನಲ್ಲಿ ಬೆರಳಿನಿಂದ ಬೆಟ್ಟ ಬರೆದ. ಮೇಲೊಂದು ಸೂರ್ಯ ಬರೆದ. ಬಟನ್ ಒತ್ತಿದ. ಬೆಟ್ಟ ಊಂ... ಅಂತ ಏರಿ ಇಳಿಯಿತು, ಸೂರ್ಯ ಕೀಚ್ ಅಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಸುಳ್ಳು ಯಾಕೆ ಹೇಳಲಿ, ಚೆನ್ನಾಗಿತ್ತು.

ಆಮೇಲೆ ಮೈಕ್ ಹಿಡಿದು ಅವನು ಅಂದ ಮಾತು: "ಚಿತ್ರ ಬರೆದರೆ ಸಂಗೀತ ಬರುವುದು ವಿಶ್ವದಲ್ಲೇ ಮೊದಲು."

ವಿಶ್ವದಲ್ಲೇ!

ನನ್ನ ಬಗ್ಗೆ ನಿಮಗೆ ಗೊತ್ತಲ್ಲ. ಎದ್ದು ನಿಲ್ಲುವುದರಲ್ಲಿದ್ದೆ. "ಮಾಮ, ಸುಮ್ನಿರಿ, ನನಗೆ ಗೊತ್ತಿರೋರೆಲ್ಲ ಇದಾರೆ ಇಲ್ಲಿ" ಅಂತ ಅಳಿಯ ಅಂಗಿ ಹಿಡಿದು ಕೂರಿಸಿದ. ಅಲ್ಲಿ ಹೇಳಲು ಆಗದ್ದನ್ನು ಇಲ್ಲಿ ಹೇಳುತ್ತೇನೆ. ಉದ್ದ ಆಗುತ್ತೆ, ಬೇಡದವರು ಮುಂದೆ ಸರಿಸಿ.

ರಷ್ಯಾದಲ್ಲಿ ಯೆವ್ಗೆನಿ ಮುರ್ಜಿನ್ ಅಂತ ಒಬ್ಬ ಇಂಜಿನಿಯರ್ ಇದ್ದರು. ಹುಟ್ಟಿದ್ದು 1914ರಲ್ಲಿ. ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ಸೈನ್ಯದ ಉಪಕರಣಗಳ ಕೆಲಸ. ತಲೆಯಲ್ಲಿ ಕೂತಿದ್ದದ್ದು ಮಾತ್ರ ಸಂಗೀತ. ಚಿತ್ರವನ್ನೇ ಹಾಡಿಸುವ ಒಂದು ಯಂತ್ರ ಮಾಡಬೇಕು ಅನ್ನುವ ಯೋಚನೆ ಬಂದದ್ದು 1938ರಲ್ಲಿ. ಯಂತ್ರ ಸಿದ್ಧವಾದದ್ದು 1950ರ ದಶಕದ ಕೊನೆಗೆ. ನಡುವೆ ಒಂದು ಮಹಾಯುದ್ಧವೇ ಮುಗಿಯಿತು. ಇಪ್ಪತ್ತು ವರ್ಷ! ನಮಗೆ ಒಂದು ಆಪ್ ಇಪ್ಪತ್ತು ಸೆಕೆಂಡಿನಲ್ಲಿ ಡೌನ್‌ಲೋಡ್ ಆಗದಿದ್ದರೆ ಮೈ ಪರಚಿಕೊಳ್ಳುತ್ತೇವೆ.

ಯಂತ್ರದ ಹೆಸರು ಎಎನ್‌ಎಸ್. ಅಲೆಕ್ಸಾಂಡರ್ ನಿಕೊಲಯೆವಿಚ್ ಸ್ಕ್ರಿಯಾಬಿನ್ ಅನ್ನುವ ಸಂಗೀತಗಾರರ ಇನಿಶಿಯಲ್ಲು. ತನ್ನ ಹೆಸರನ್ನು ಇಟ್ಟುಕೊಳ್ಳಲಿಲ್ಲ ಪುಣ್ಯಾತ್ಮ, ಗಮನಿಸಿ.

ಕೆಲಸ ಮಾಡುವುದು ಹೀಗೆ. ಗಾಜಿನ ಐದು ತಟ್ಟೆಗಳು ತಿರುಗುತ್ತಿರುತ್ತವೆ. ಒಂದೊಂದರ ಮೇಲೂ 144 ಉಂಗುರಗಳು. ಉಂಗುರದಲ್ಲಿ ಕಪ್ಪು-ಬಿಳುಪು ಅಲೆ ಅಲೆಯಾಗಿ ಮೂಡಿರುತ್ತದೆ. ಹಿಂದಿನಿಂದ ದೀಪ ಬಿಟ್ಟರೆ ಒಂದೊಂದು ಉಂಗುರದ ಬೆಳಕೂ ಒಂದೊಂದು ವೇಗದಲ್ಲಿ ಮಿನುಗುತ್ತದೆ. ಆ ಮಿನುಗೇ ಸ್ವರ. ಐದು ತಟ್ಟೆಗೆ ಒಟ್ಟು 720 ಸ್ವರ, ಎಲ್ಲವೂ ಸದಾ ಸಿದ್ಧ. ಮುಂದೆ ಒಂದು ಗಾಜಿನ ಹಲಗೆ. ಅದಕ್ಕೆ ಒಣಗದ ಕಪ್ಪು ಮೇಣದಂಥದ್ದನ್ನು ಬಳಿದಿರುತ್ತಾರೆ. ಎಲ್ಲಿ ಕೆರೆದು ತೆಗೆದಿರಿ, ಅಲ್ಲಿಂದ ಮಾತ್ರ ಬೆಳಕು ದಾಟಿ, ಬೆಳಕನ್ನು ಕರೆಂಟ್ ಮಾಡುವ ಫೋಟೋಸೆಲ್ ಮುಟ್ಟುತ್ತದೆ, ಅಲ್ಲಿಂದ ಸ್ಪೀಕರ್. ಎತ್ತರಕ್ಕೆ ಕೆರೆದರೆ ಮೇಲಿನ ಸ್ವರ, ತಗ್ಗಿನಲ್ಲಿ ಕೆರೆದರೆ ಕೆಳಗಿನದು. ಹಲಗೆ ಸರಿಯುತ್ತಾ ಹೋದಂತೆ ಸಂಗೀತ ಸಾಗುತ್ತದೆ. ಹಿಡಿಸಲಿಲ್ಲವಾ, ಬೆರಳಲ್ಲಿ ಮತ್ತೆ ಕಪ್ಪು ಸವರಿದರಾಯಿತು. ನಮ್ಮ ಸ್ಲೇಟು-ಬಳಪದ ಹಾಗೆ, ಅಷ್ಟೇ ಸಲೀಸು.

ಪಿಯಾನೋದಲ್ಲಿ ಒಂದು ಸಪ್ತಕಕ್ಕೆ 12 ಮೆಟ್ಟಿಲು. ಇದರಲ್ಲಿ 72. (ಕರ್ನಾಟಕ ಸಂಗೀತದಲ್ಲಿ ವೆಂಕಟಮಖಿ ಲೆಕ್ಕ ಹಾಕಿಟ್ಟ ನಮ್ಮ 72 ಮೇಳಕರ್ತ ರಾಗಗಳಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ದಯವಿಟ್ಟು "ರಷ್ಯಾದವರು ವೆಂಕಟಮಖಿಯಿಂದ ಕದ್ದರು" ಅಂತ ವಾಟ್ಸಾಪಿನಲ್ಲಿ ಬಿಡಬೇಡಿ. ಬೆಳಗ್ಗೆ ಅದು ನನಗೇ ಬರುತ್ತದೆ.)

ಮಾಸ್ಕೋದ ಸ್ಕ್ರಿಯಾಬಿನ್ ಮ್ಯೂಸಿಯಂನಲ್ಲಿ ಈ ಯಂತ್ರ ಇದ್ದಾಗ ಶ್ನಿಟ್ಕೆ, ಗುಬೈದುಲಿನಾ ಥರದ ದೊಡ್ಡ ಸಂಗೀತ ಸಂಯೋಜಕರು ಬಂದು ಇದರಲ್ಲಿ ಕೆಲಸ ಮಾಡಿದರು. ರಷ್ಯಾದ ನಿರ್ದೇಶಕ ತಾರ್ಕೋವ್‌ಸ್ಕಿಯ 'ಸೊಲಾರಿಸ್' ಸಿನಿಮಾ ನೋಡಿದವರು ಆ ಮೈ ಜುಂ ಎನ್ನಿಸುವ ಸದ್ದನ್ನು ಕೇಳಿದ್ದೀರಿ. ಅದರಲ್ಲಿ ಎಎನ್‌ಎಸ್ ಇದೆ, ನುಡಿಸಿದವರು ಎಡುವರ್ಡ್ ಆರ್ತೆಮ್ಯೆವ್. ಸಿನಿಮಾ ಬಂದದ್ದು 1972ರಲ್ಲಿ. ಮುರ್ಜಿನ್ ತೀರಿಕೊಂಡದ್ದು 1970ರಲ್ಲಿ.

ಅವರೊಬ್ಬರೇ ಅಂದುಕೊಳ್ಳಬೇಡಿ. ಇಂಗ್ಲೆಂಡಿನ ಡ್ಯಾಫ್ನಿ ಓರಂ ಸಂಗೀತ ಕಾಲೇಜಿನಲ್ಲಿ ಸಿಕ್ಕಿದ್ದ ಸೀಟು ಬಿಟ್ಟು ಬಿಬಿಸಿ ಸೇರಿದವರು. 1958ರಲ್ಲಿ ಅಲ್ಲಿ ಕಾರ್ಯಕ್ರಮಗಳಿಗೆ ಎಲೆಕ್ಟ್ರಾನಿಕ್ ಸದ್ದು ಮಾಡಿಕೊಡುವ ರೇಡಿಯೋಫೋನಿಕ್ ವರ್ಕ್‌ಶಾಪನ್ನು ಜೊತೆಗಾರರೊಂದಿಗೆ ಶುರು ಮಾಡಿ, ಮರುವರ್ಷವೇ ಕೆಲಸ ಬಿಟ್ಟು, ಕೆಂಟ್‌ನಲ್ಲಿ ತಮ್ಮ ಮನೆಯಲ್ಲೇ ಯಂತ್ರ ಕಟ್ಟಿದರು. ಅದರಲ್ಲಿ 35 ಎಂಎಂ ಫಿಲ್ಮಿನ ಹತ್ತು ಪಟ್ಟಿಗಳು. ಅದರ ಮೇಲೆ ಬರೆದರೆ ಫೋಟೋಸೆಲ್ ಓದಿ ಸ್ವರ ಮಾಡುತ್ತದೆ. ಇನ್ನು ಸಿವಿಲ್ ಇಂಜಿನಿಯರಿಂಗ್ ಓದಿದ್ದ ಸಂಗೀತ ಸಂಯೋಜಕ ಕ್ಸೆನಾಕಿಸ್ 1977ರಲ್ಲಿ ಪ್ಯಾರಿಸ್ಸಿನಲ್ಲಿ ಇದನ್ನೇ ಕಂಪ್ಯೂಟರಿನಲ್ಲಿ ಮಾಡಿದರು, ಪೆನ್ನಿಂದ ಬರೆಯುವ ಬೋರ್ಡ್ ಸಮೇತ. ಹೇಳಿ, ನಿನ್ನೆಯದು ಎಷ್ಟನೆಯ ಮೊದಲು?

ವಾಪಸ್ ಬರುವಾಗ ಕಾರಿನಲ್ಲಿ ಅಳಿಯನ ವಾದ: "ಅದೆಲ್ಲ ರೂಮಿನ ತುಂಬಾ ತುಂಬುವ ಯಂತ್ರ ಮಾಮ. ಇದು ಜೇಬಲ್ಲಿ ಕೂರತ್ತೆ. ಜನಕ್ಕೆ ತಲುಪಿಸಿದೋನೇ ಮೊದಲನೇವ್ನು." ಒಪ್ಪೋಣ. ಹಾಗಾದರೆ ಜೇಬಲ್ಲಿ ಕೂರುವ ಮೊದಲನೆಯದು ಅನ್ನಲಿ. ಅದೂ ಸುಳ್ಳೇ! ಎಎನ್‌ಎಸ್ಸನ್ನೇ ಅನುಕರಿಸುವ ಆಪ್ ಎಷ್ಟೋ ವರ್ಷದಿಂದ ಫೋನಿಗೆ ಸಿಗುತ್ತದೆ. ನನ್ನ ಫೋನಿನಲ್ಲೇ ಇತ್ತು. ಸಿಗ್ನಲ್ಲಿನಲ್ಲಿ ತೆಗೆದು ತೋರಿಸಿದೆ. ಅಳಿಯ ಎಫ್‌ಎಂ ಹಾಕಿದ.

ಇಷ್ಟು ಉರಿಯುತ್ತಿರುವ ನಾನು ಸಾಚಾನಾ? ಇಲ್ಲ. ಕಾಲೇಜಿನ ವಸ್ತುಪ್ರದರ್ಶನದಲ್ಲಿ ಸದ್ದು ಹುಟ್ಟಿಸಲು ಒಂದು 555 ಐಸಿ, ಬೆಳಕು ಗುರುತಿಸಲು ಒಂದು ಎಲ್‌ಡಿಆರ್, ಒಂದು ಪುಟ್ಟ ಸ್ಪೀಕರ್ ಸೇರಿಸಿ "ಬೆಳಕಿನ ವೀಣೆ" ಅಂತ ಬೋರ್ಡ್ ಹಾಕಿಕೊಂಡು ಕೂತಿದ್ದೆ. ಕೈ ಅಡ್ಡ ಹಿಡಿದರೆ ಸ್ವರ ಇಳಿಯುತ್ತಿತ್ತು, ತೆಗೆದರೆ ಏರುತ್ತಿತ್ತು. ಮುಖ್ಯ ಅತಿಥಿಗಳು "ನೀನೇ ಕಂಡುಹಿಡಿದದ್ದಾ?" ಅಂತ ಕೇಳಿದರು. "ಹೌದು ಸಾರ್" ಅಂದೆ. ಸರ್ಕ್ಯೂಟು ಒಂದು ಹಳೇ ಪತ್ರಿಕೆಯದು. ಅದರ ಕಟಿಂಗ್ ಆಗಲೂ ನನ್ನ ಜೇಬಿನಲ್ಲೇ ಇತ್ತು. ಬಹುಮಾನಕ್ಕೆ ಬಂದ ಸ್ಟೀಲ್ ಡಬ್ಬಿಯಲ್ಲಿ ನಮ್ಮ ಮನೆಯಲ್ಲಿ ಇವತ್ತಿಗೂ ಸಾಸಿವೆ ಇದೆ. ಒಗ್ಗರಣೆಗೆ ಮುಚ್ಚಳ ತೆಗೆದಾಗಲೆಲ್ಲ ನೆನಪಾಗುತ್ತದೆ. ಆ ಹುಡುಗನ ಮೇಲೆ ಸಿಟ್ಟು ಜಾಸ್ತಿ ಆದದ್ದು ಅದಕ್ಕೇ ಇರಬೇಕು.

ಇನ್ನೊಂದು ಕಾರಣವೂ ಇದೆ. ಬೆಳಕು ಹಾಡುವುದನ್ನು ನಾನು ಮೊದಲು ನೋಡಿದ್ದು ಯಾವ ಪುಸ್ತಕದಲ್ಲೂ ಅಲ್ಲ, ನಮ್ಮ ಚಿಕ್ಕಪ್ಪನ ಹತ್ತಿರ. ನಾಗಮಂಗಲದ ಕಡೆ ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದರು. ರೀಲಿನ ಅಂಚಿನಲ್ಲಿ ಸಣ್ಣ ಗೀರು ಗೀರಾಗಿ ಕಾಣುತ್ತಲ್ಲ, ಅದೇ ಮಾತು, ಅದೇ ಹಾಡು. ಪ್ರೊಜೆಕ್ಟರಿನೊಳಗೆ ಎಕ್ಸೈಟರ್ ಲ್ಯಾಂಪ್ ಅನ್ನುವ ಪುಟ್ಟ ದೀಪದ ಬೆಳಕು ಅದರ ಮೂಲಕ ಹಾದು ಫೋಟೋಸೆಲ್ಲಿಗೆ ಬೀಳಬೇಕು. ಲ್ಯಾಂಪ್ ಸುಟ್ಟರೆ ರಾಜ್‌ಕುಮಾರ್ ಬಾಯಿ ಆಡಿಸುತ್ತಾರೆ, ಸದ್ದಿಲ್ಲ. ಟೆಂಟಿನ ತುಂಬಾ ಶಿಳ್ಳೆ, ಬೈಗುಳ. ಚಿಕ್ಕಪ್ಪ ಬೆರಳು ಸುಟ್ಟುಕೊಂಡು ಹೊಸ ಲ್ಯಾಂಪ್ ಹಾಕುತ್ತಿದ್ದರು. ಒಮ್ಮೆ ನನ್ನನ್ನು ಕರೆದು, ರೀಲಿಲ್ಲದಾಗ ಆ ಬೆಳಕಿಗೆ ಬಾಚಣಿಗೆ ಅಡ್ಡ ಹಿಡಿದು ಸರ್ರನೆ ಎಳೆದರು. ಸ್ಪೀಕರಿನಲ್ಲಿ ಬರ್ರ್ ಅಂತು! ಜೋರಾಗಿ ಎಳೆದಷ್ಟೂ ಸದ್ದು ಮೇಲಕ್ಕೆ. ಚಿಕ್ಕಪ್ಪ ಮೈಕ್ ಹಿಡಿದು "ವಿಶ್ವದಲ್ಲೇ ಮೊದಲು" ಅನ್ನಲಿಲ್ಲ. ಬಾಚಣಿಗೆ ಜೇಬಿಗೆ ಹಾಕಿಕೊಂಡು ಬೀಡಿ ಹಚ್ಚಿದರು.

ಆ ಕಾಲದ ಒಂದು ಎಕ್ಸೈಟರ್ ಲ್ಯಾಂಪ್ ನನ್ನ ಹತ್ತಿರ ಇದೆ, ಸುಟ್ಟಿಲ್ಲ. ಹೋಲ್ಡರ್ ಮಾತ್ರ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡೆಲ್ಲ ಸುತ್ತಿದರೂ ಸಿಗಲಿಲ್ಲ. ಹಳೇ ಟಾಕೀಸಿನ ಪ್ರೊಜೆಕ್ಟರ್ ಗುಜರಿಗೆ ಹೋಗುತ್ತಿರುವುದು ಯಾರಿಗಾದರೂ ಗೊತ್ತಿದ್ದರೆ ಇನ್‌ಬಾಕ್ಸಿಗೆ ಬನ್ನಿ. ಬಾಚಣಿಗೆ ನಾನು ತರುತ್ತೇನೆ.