ತಿದಿಯಿಲ್ಲದ ಕುಲುಮೆ

ಕಬ್ಬಿಣ ಕಾಸೋ ಕಡೆ ನಾಯಿಗೇನು ಕೆಲಸ ಅನ್ನುತ್ತಾರೆ. ಮೊದಲ ಗ್ಯಾಸ್ ಕುಲುಮೆ ಕಟ್ಟಲು ಹೊರಟವರಿಗೂ ಅಲ್ಲಿ ಬಹಳ ದಿನ ಕೆಲಸ ಇರುವುದಿಲ್ಲ. ಇದ್ದಿಲು ಬೇಡ, ತಿದಿ ಒತ್ತುವುದು ಬೇಡ, ಕಿವಿ ತಿರುಗಿಸಿದರೆ ಬೆಂಕಿ ಎಂದು ನಂಬಿ ಇಳಿದವರು ಸುತ್ತಿಗೆ ಹಿಡಿಯುವ ಮೊದಲು ದರ್ಜಿ, ಗಾರೆಯವ, ಪ್ಲಂಬರ್ ಮೂರೂ ಆಗಿ ಮುಗಿಸಬೇಕು.

ಮೊದಲು ದರ್ಜಿ. ಒಳವ್ಯಾಸ 250 ಮಿ.ಮೀ., ಉದ್ದ 300 ಮಿ.ಮೀ. ಇರುವ ಉಕ್ಕಿನ ಕೊಳವೆ ಸಾಕು. (ಹಳೇ ಸಿಲಿಂಡರ್ ಕೊಯ್ಯುವ ಆಸೆ ಬಿಡಿ. ಖಾಲಿ ಅಂದುಕೊಂಡ ಸಿಲಿಂಡರ್ ಖಾಲಿ ಇರುವುದಿಲ್ಲ.) ಒಳಗೆ ಶಾಖ ತಡೆಯುವ, 25 ಮಿ.ಮೀ. ದಪ್ಪದ ಸೆರಾಮಿಕ್ ಫೈಬರ್ ಹೊದಿಕೆ ಎರಡು ಸುತ್ತು. ನಡುವೆ 150 ಮಿ.ಮೀ. ಪೊಳ್ಳು ಉಳಿಯುತ್ತದೆ, ಸುಮಾರು 5 ಲೀಟರ್ ಜಾಗ. ಮುಕ್ಕಾಲು ಇಂಚಿನ ಬರ್ನರ್ ಒಂದಕ್ಕೆ ಅದು ಸರಿಯಾದ ಹೊರೆ. ಹೊಸಬರು ಎರಡೂ ಸುತ್ತನ್ನು ಒಂದೇ ಅಳತೆಗೆ ಕತ್ತರಿಸುತ್ತಾರೆ. ಹೊರಸುತ್ತಿಗೆ 785 ಮಿ.ಮೀ. ಬೇಕು, ಒಳಸುತ್ತಿಗೆ 628 ಸಾಕು. ಉಳಿದ 157 ಮಿ.ಮೀ. ತುಂಡನ್ನು ಒಳಗೆ ತುರುಕಿದರೆ ಕುಲುಮೆ ಹೊಟ್ಟೆಯುಬ್ಬರ ಬಂದವರಂತೆ ಕಾಣುತ್ತದೆ. ಕತ್ತರಿಸುವಾಗ ಎನ್95 ಮಾಸ್ಕ್ ಇರಲೇಬೇಕು, ಆ ಎಳೆ ಶ್ವಾಸಕೋಶಕ್ಕೆ ಹೋಗುವಂಥದ್ದು. ತುಂಬುತೋಳಿನ ಅಂಗಿಯೂ ಬೇಕು. ಇಲ್ಲದಿದ್ದರೆ ರಾತ್ರಿಯಿಡೀ ಕೆರೆದುಕೊಳ್ಳುವ ಕೆಲಸ ಬೇರೆ.

ಆಮೇಲೆ ಗಾರೆ. ಬೆಳ್ಳಗಿನ ಹೊದಿಕೆ ಕಂಡ ಕೂಡಲೇ ಬೆಂಕಿ ಹಚ್ಚಲು ಕೈ ತುರಿಸುತ್ತದೆ. ತಡೆಯಿರಿ. ಎಳೆಗಳನ್ನು ಬಿಗಿಯುವ ಕೊಲಾಯ್ಡಲ್ ಸಿಲಿಕಾ ದ್ರಾವಣ ಸಿಂಪಡಿಸಿ ಗಟ್ಟಿ ಮಾಡಿ, ಮೇಲೆ ಬೆಂಕಿ ತಾಳುವ ಗಾರೆ ಬಳಿದು ಎಳೆಗಳನ್ನು ಮುಚ್ಚಿ. ನೆಲಕ್ಕೆ ಕುಂಬಾರಿಕೆ ಗೂಡಿನ ಹಲಗೆಯ ತುಂಡೊಂದನ್ನು ಹಾಸಿ. ಬೆಸುಗೆಗೆ ಹಾಕುವ ಬೋರಾಕ್ಸ್ (ಬಿಳಿಗಾರ) ಕರಗಿ ಬಿದ್ದರೆ ಬರೀ ಹೊದಿಕೆ ಬಿಸಿನೀರು ಬಿದ್ದ ಸಕ್ಕರೆಯಂತೆ ಕುಸಿಯುತ್ತದೆ. ಗಾರೆ ಪೂರ್ತಿ ಒಣಗುವ ಮೊದಲು ಜೋರು ಉರಿ ಕೊಟ್ಟರೆ ಒಳಗಿನ ನೀರು ಹಬೆಯಾಗಿ ಚಕ್ಕೆಗಳನ್ನು ಎಬ್ಬಿಸುತ್ತದೆ. ಮೊದಮೊದಲು ಐದೈದು ನಿಮಿಷದ ಸಣ್ಣ ಉರಿ, ನಡುವೆ ಆರಲು ಬಿಡುವು.

ನಿಜವಾದ ತಮಾಷೆ ಇರುವುದು ಗ್ಯಾಸಿನಲ್ಲಿ. ಅಡುಗೆಮನೆಯ ರೆಗ್ಯುಲೇಟರ್ ತಂದು ಜೋಡಿಸಿ, ದೀಪದ ಕುಡಿಯಂಥ ಉರಿಯಲ್ಲಿ ಕಂಬಿ ಇಟ್ಟು ಅರ್ಧ ಗಂಟೆ ಕಾಯುವುದು ಎಲ್ಲರೂ ಮಾಡುವ ಮೊದಲ ತಪ್ಪು. ಅದು ಕೊಡುವುದು ಸುಮಾರು 30 ಮಿಲಿಬಾರ್ ಒತ್ತಡ. ಕುಲುಮೆಗೆ 300ರಿಂದ 700 ಬೇಕು. ಆದ್ದರಿಂದ 0ಯಿಂದ 2 ಬಾರ್‌ವರೆಗೆ ಹೊಂದಿಸಬಲ್ಲ ಹೈ ಪ್ರೆಶರ್ ರೆಗ್ಯುಲೇಟರ್, ಅದಕ್ಕೆ ತಕ್ಕ ಹೋಸ್. ಬರ್ನರಿನ ಜೆಟ್‌ಗೆ, ಅಂದರೆ ಗ್ಯಾಸ್ ಚಿಮ್ಮುವ ಮೂತಿಗೆ, 0.9 ಮಿ.ಮೀ. ತಂತಿಯ ಮಿಗ್ ವೆಲ್ಡಿಂಗ್ ಯಂತ್ರದ ಟಿಪ್ ಸಾಕಾಗುತ್ತದೆ. ಗ್ಯಾಸ್ ಆ ಸಣ್ಣ ತೂತಿನಿಂದ ಚಿಮ್ಮುವ ರಭಸಕ್ಕೇ ಗಾಳಿಯನ್ನು ಎಳೆದುಕೊಳ್ಳುತ್ತದೆ. ಇಲ್ಲಿ ತಿದಿಯ ಕೆಲಸ ಅದರದು. ಜೆಟ್ ಕೊಳವೆಯ ನಟ್ಟನಡುವೆ ಇರಬೇಕು. ಒಂದು ಮಿಲಿಮೀಟರ್ ಓರೆಯಾದರೂ ಉರಿ ಒಂದು ಗೋಡೆಯನ್ನೇ ನೆಕ್ಕುತ್ತದೆ. ಸತು ಬಳಿದ ಗ್ಯಾಲ್ವನೈಸ್ ಪೈಪು ಬೇಡ: ಸತು 907 ಡಿಗ್ರಿಗೆ ಕುದಿಯುತ್ತದೆ, ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ.

ಸೋರಿಕೆ ನೋಡಲು ಸೋಪುನೀರು, ಕಡ್ಡಿಯಲ್ಲ. ಬ್ರಶ್ಶಿನಿಂದ ಪ್ರತಿ ಗಂಟಿಗೂ ಬಳಿದು ಕಣ್ಣಿಟ್ಟು ಕೂತರೆ, ಎಲ್ಲ ಸರಿ ಎಂದು ಏಳುವ ಹೊತ್ತಿಗೆ ಸಾಸಿವೆ ಗಾತ್ರದ ಗುಳ್ಳೆಯೊಂದು ನಿಧಾನವಾಗಿ ಕಡಲೆಯಷ್ಟಾಗಿ, ಒಡೆದು, ಮತ್ತೆ ಶುರುವಾಗುತ್ತದೆ. ಬಿಚ್ಚಿ, ಥ್ರೆಡ್‌ಗೆ ಗ್ಯಾಸ್ ಟೇಪ್ ಸುತ್ತಿ, ಮತ್ತೆ ಬಿಗಿಯಬೇಕು.

ಹಚ್ಚುವಾಗ ಉರಿ ಮೊದಲು, ಗ್ಯಾಸ್ ಆಮೇಲೆ. ಗ್ಯಾಸ್ ಬಿಟ್ಟು ಲೈಟರ್ ಹುಡುಕುತ್ತಾ ಹೋದವರ ಹುಬ್ಬು ನೋಡಿದರೇ ಗೊತ್ತಾಗುತ್ತದೆ. ಗ್ಯಾಸ್ ಗಾಳಿಗಿಂತ ಭಾರ, ಕುಲುಮೆಯ ತಳದಲ್ಲಿ ಕೂತು ಕಾಯುತ್ತಿರುತ್ತದೆ. ಹೊತ್ತಿಕೊಂಡ ಮೇಲೆ ಹದವಾದ ಬರ್ನರ್ ಭೋರೆನ್ನುತ್ತದೆ. ಪಟಪಟ ಅಂದರೆ ಉರಿ ಕೊಳವೆಯೊಳಗೆ ಹಿಂದೆ ಸರಿಯುತ್ತಿದೆ ಎಂದರ್ಥ: ಒತ್ತಡ ಕಡಿಮೆ, ಇಲ್ಲವೇ ಕೊಳವೆಯೇ ಕಾದಿದೆ, ಇಲ್ಲವೇ ಶಾಖ ಉಳಿಸಲು ಬಾಯಿಗೆ ಇಟ್ಟಿಗೆ ಒಟ್ಟಿ ಉಸಿರು ಕಟ್ಟಿಸಿದ್ದೀರಿ. ಗ್ಯಾಸ್ ಮುಚ್ಚಿ, ಆರಲು ಬಿಟ್ಟು, ಮತ್ತೆ ಹಚ್ಚಿ. ಕೋಣೆಯ ಕಿಟಕಿ ಬಾಗಿಲು ತೆರೆದೇ ಇರಲಿ, ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ಅದರ ಅಲಾರಂ ಒಂದನ್ನು ಮೊದಲೇ ಕೊಳ್ಳಿ.

ಇಷ್ಟರಲ್ಲಿ ಉರಿ ತಾನಾಗಿ ಸೊರಗುತ್ತದೆ. ಗ್ಯಾಸ್ ಮುಗಿಯಿತೆಂದು ಸಿಲಿಂಡರ್ ಅಲ್ಲಾಡಿಸಿದರೆ ಒಳಗೆ ಗುಳುಗುಳು, ಹೊರಗೆ ಹಿಮ! ದ್ರವ ಆವಿಯಾಗಲು ಬೇಕಾದ ಶಾಖವನ್ನು ಸಿಲಿಂಡರಿನಿಂದಲೇ ಕಸಿದುಕೊಳ್ಳುತ್ತದೆ, ತಣ್ಣಗಾದಷ್ಟೂ ಒತ್ತಡ ಇಳಿಯುತ್ತದೆ. ಒಂದು ಕಡೆ 1,200 ಡಿಗ್ರಿ, ಮೂರು ಮಾರು ಆಚೆ ಮಂಜುಗಡ್ಡೆ. ಬೆಂಕಿಯ ಹತ್ತಿರ ಸಿಲಿಂಡರ್ ಎಳೆದು ತಂದು ಬೆಚ್ಚಗೆ ಮಾಡುವ ಉಪಕಾರ ಬೇಡ. ದೊಡ್ಡ ಸಿಲಿಂಡರ್ ಇಡಿ, ಇಲ್ಲವೇ ಎರಡನ್ನು ಒಟ್ಟಿಗೆ ಜೋಡಿಸಿ.

ಕಂಬಿ ಕೊನೆಗೂ ಕಿತ್ತಳೆ ಬಣ್ಣಕ್ಕೆ ಬರುತ್ತದೆ. ಬಡಿದು ಕೊಕ್ಕೆ ಮಾಡುವ ಸಂಭ್ರಮದಲ್ಲಿ ಒಂದು ಮಾತು ಮರೆತುಹೋಗುತ್ತದೆ: ಬೆಳಕು ಹೋದ ಕಬ್ಬಿಣ 400 ಡಿಗ್ರಿಯಲ್ಲೂ ಕಪ್ಪಗೇ ಕಾಣುತ್ತದೆ. ಇಕ್ಕುಳವೂ ಅಷ್ಟೆ. ಕುಲುಮೆಯ ಬಾಯಿಂದ ಹೊರಚಾಚುವ ಉರಿಯ ಮುಂದೆ ಅದನ್ನು ಬಿಟ್ಟು ನೀರು ಕುಡಿಯಲು ಹೋಗಿ ಬಂದವರು ಇಕ್ಕುಳ ಹಿಡಿಯಲು ಇನ್ನೊಂದು ಇಕ್ಕುಳ ಹುಡುಕುತ್ತಿರುತ್ತಾರೆ.