ಹೊಸಪೇಟೆ ದೂರ ಹೋದ ವಾರ

ಬಳ್ಳಾರಿಯ ಮೋತಿ ಸರ್ಕಲ್‌ನಿಂದ ಸ್ವಲ್ಪ ಒಳಗೆ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಜೊತೆಗೆ ಡಿಟಿಪಿ, ಆನ್‌ಲೈನ್ ಅರ್ಜಿ, ಪಾಸ್‌ಪೋರ್ಟ್ ಫೋಟೊ. ಎರಡು ಕಂಪ್ಯೂಟರ್, ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಇಟ್ಟಿದ್ದೀನಿ ಅನ್ನೋ ಒಂದೇ ಕಾರಣಕ್ಕೆ ನಮ್ಮ ಬಳಗದಲ್ಲಿ ನಾನು ಪಂಡಿತ. ಅತ್ತೆ ಮನೆಯ ವಾಷಿಂಗ್ ಮಷೀನ್ ನಿಂತರೂ ನನಗೇ ಫೋನ್. "ಅದರಾಗೂ ಕಂಪ್ಯೂಟರ್ ಐತಂತಲ್ಲಪ್ಪ?"

ಆ ಲ್ಯಾಪ್‌ಟಾಪ್ ಬಗ್ಗೆ ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಅದಕ್ಕೆ ಒಂದು ಖಾಯಿಲೆ ಇತ್ತು. ತಾರೀಕು ಹಾಕುವಾಗ ತಿಂಗಳು ಮೊದಲು, ದಿನ ಆಮೇಲೆ. ಮಾರ್ಚ್ 8ರಂದು ಬಂದ ಗಿರಾಕಿಗೆ 3/8 ಅಂತ ಪ್ರಿಂಟ್ ಕೊಟ್ಟು, "ಆಗಸ್ಟ್ ಯಾಕೆ ಹಾಕೀರಿ" ಅಂತ ಬೈಸಿಕೊಂಡಿದ್ದೆ. ಹಿಂದಿನ ಮಾಲೀಕ ಅದನ್ನು ಅಮೆರಿಕದ ಲೆಕ್ಕಕ್ಕೆ ಇಟ್ಟಿದ್ದ. ಬದಲಾಯಿಸಬೇಕು ಅಂತ ದಿನಾ ಅಂದುಕೊಳ್ಳುತ್ತಿದ್ದೆ. ಅಂದುಕೊಳ್ಳುತ್ತಲೇ ಇದ್ದೆ.

ಇನ್ನು ಭಾವನ ಟಿಪ್ಪರ್. ಹತ್ತು ಚಕ್ರದ್ದು. ಕ್ರಷರ್‌ನಿಂದ ಜಲ್ಲಿ ತುಂಬಿಕೊಂಡು ದಿನಾ ಹೊಸಪೇಟೆಗೆ ಒಂದು ಟ್ರಿಪ್. 2020ರ ಏಪ್ರಿಲ್ 1ರಿಂದ ಬಿಎಸ್ 6 ಅಂತ ಹೊಗೆಯ ಹೊಸ ನಿಯಮ ಬಂತಲ್ಲ, ಆ ಜಾತಿಯ ಗಾಡಿ. ಇಂಜಿನ್‌ಗೆ ಒಂದು ಕಂಪ್ಯೂಟರ್, ಬ್ರೇಕಿಗೆ ಇನ್ನೊಂದು, ಮೀಟರ್ ಬೋರ್ಡಿಗೆ ಮತ್ತೊಂದು. ಎಲ್ಲ ಸೇರಿ ಎರಡು ತಂತಿಯ ಮೇಲೆ ಮಾತಾಡಿಕೊಳ್ಳುತ್ತವೆ. ಅದಕ್ಕೆ ಕ್ಯಾನ್ ಅಂತಾರೆ. ಕೂಡು ಕುಟುಂಬದ ಹಾಗೆ. ಒಬ್ಬರು ಅಂದದ್ದು ಮನೆಗೆಲ್ಲ ಕೇಳುತ್ತೆ. ಬೇಕಾದವರು ಕಿವಿ ಕೊಡುತ್ತಾರೆ, ಉಳಿದವರು ಸುಮ್ನೆ ಇರುತ್ತಾರೆ.

ಒಂದು ದಿನ ಮೀಟರ್ ಬೋರ್ಡಿನಲ್ಲಿ ಹಳದಿ ದೀಪ ಹತ್ತಿಕೊಂಡಿತು. ಭಾವ ಅಂಗಡಿಗೇ ಬಂದರು.

"ಬರೀ ವೈರ್ ಚುಚ್ಚಿ ನೋಡಾಕ 1500 ಕೇಳ್ತಾರಲೇ. ನಿನ್ನ ಹತ್ರ ಲ್ಯಾಪ್‌ಟಾಪ್ ಐತಲ್ಲ, ನೀನು ಚುಚ್ಚು."

ನಾನು ಬೇಡ ಅನ್ನಬಹುದಿತ್ತು. ಆದರೆ ಪಕ್ಕದಲ್ಲಿ ಅಕ್ಕ ನಿಂತಿದ್ದಳು. ಅವಳ ಮುಖದಲ್ಲಿ ತಮ್ಮನ ಬಗ್ಗೆ ಹೆಮ್ಮೆ ಇತ್ತು. ಅಂಥದ್ದು ವರ್ಷಕ್ಕೆ ಒಂದು ಸಲ ಕಾಣುತ್ತೆ. ಆನ್‌ಲೈನ್‌ನಲ್ಲಿ ಹುಡುಕಿ, ಗಾಡಿಯ ಮಾತನ್ನು ಲ್ಯಾಪ್‌ಟಾಪಿಗೆ ಮುಟ್ಟಿಸೋ, ಲಾರಿಗೆ ಆಗುವಂಥ ಒಂದು ಡಬ್ಬಿ, ಕೇಬಲ್, ಸಾಫ್ಟ್‌ವೇರ್ ತರಿಸಿದೆ. ಕಾರಿನದು 12 ವೋಲ್ಟ್, ಲಾರಿಯದು 24. ಕಾರಿಗೆ ಮಾಡಿದ ಅಗ್ಗದ ಡಬ್ಬಿ ಲಾರಿಗೆ ಚುಚ್ಚಿದರೆ ಸುಟ್ಟು ಹೋದರೂ ಹೋಯಿತು. ಅಷ್ಟು ಬುದ್ಧಿ ನನಗಿತ್ತು. ಉಳಿದ ಬುದ್ಧಿಯ ಕಥೆ ಮುಂದಿದೆ.

ಭಾನುವಾರ ಬೆಳಗ್ಗೆ ಗಾಡಿ ಹತ್ತಿದೆ. ಚುಚ್ಚೋ ಜಾಗ ಹುಡುಕೋಕೆ ಅರ್ಧ ಗಂಟೆ ಹಿಡಿಯಿತು. ಕೊನೆಗೆ ಫ್ಯೂಸ್ ಬಾಕ್ಸಿನ ಮುಚ್ಚಳ ಎತ್ತಿದರೆ ಒಳಗೆ ಎರಡು ಕಟ್ಟು ಬೀಡಿ, ಒಂದು ಒಣಗಿದ ನಿಂಬೆಹಣ್ಣು, ಮಡಚಿದ ನೂರರ ನೋಟುಗಳು. ನೋಟು ನೋಡಿದ ಕೂಡಲೇ ಡ್ರೈವರ್ ಚಾಚಾ ಕೈ ಹಾಕಿ ಎತ್ತಿಕೊಂಡರು. "ಅದು ಕಂಪ್ಯೂಟರ್‌ದು ಅಲ್ಲ ಬೇಟಾ."

ಕೀ ಆನ್, ಇಂಜಿನ್ ಆಫ್. ಲ್ಯಾಪ್‌ಟಾಪ್ ಸ್ವಲ್ಪ ಹೊತ್ತು ಗಿರಕಿ ಹೊಡೆದು ಒಂದು ಸಾಲು ತೋರಿಸಿತು. ಎಸ್‌ಪಿಎನ್ 1761, ಎಫ್‌ಎಂಐ 17. ಮೊದಲನೇ ಅಂಕಿ ಎಲ್ಲಿ ನೋವು ಅಂತ ಹೇಳುತ್ತೆ, ಎರಡನೇದು ಎಂಥ ನೋವು ಅಂತ. ಇಂಟರ್‌ನೆಟ್ಟಿನಲ್ಲಿ ನೋಡಿ ಗಂಭೀರವಾಗಿ ಘೋಷಿಸಿದೆ: "ಯೂರಿಯಾ ಟ್ಯಾಂಕಿನಲ್ಲಿ ಯೂರಿಯಾ ಕಮ್ಮಿ ಆಗಿದೆ."

ಕ್ಲೀನರ್ ಹುಡುಗ ಡೀಸೆಲ್ ಮುಳ್ಳಿನ ಪಕ್ಕದ ಇನ್ನೊಂದು ಮುಳ್ಳು ತೋರಿಸಿದ. ಅದು ಆಗಲೇ ತಳ ಮುಟ್ಟಿತ್ತು. ಅವನನ್ನು ಟೀ ತರೋಕೆ ಕಳಿಸಿದೆ.

ಬಿಎಸ್ 6 ಗಾಡಿಗೆ ಹೊಗೆ ಶುದ್ಧ ಮಾಡೋಕೆ ಈ ದ್ರವ ಬೇಕು. ನೂರರಲ್ಲಿ 32.5 ಪಾಲು ಯೂರಿಯಾ, ಉಳಿದದ್ದು ಶುದ್ಧ ನೀರು. ಇದು ಕೇಳಿದ್ದೇ ತಡ ಭಾವನ ಕಣ್ಣು ಹೊಳೆಯಿತು. "ಊರಾಗ ಹೊಲಕ್ಕೆ ತಂದ ಚೀಲ ಐತಲ್ಲೋ. ಬಕೆಟ್ಟಿನಾಗ ಕಲಸಿ ಸುರಿದರೆ?" ಹೊಲದ ಯೂರಿಯಾಕ್ಕೆ ಬೇವಿನೆಣ್ಣೆ ಸವರಿರುತ್ತೆ, ಬೆಳೆಗೆ ಒಳ್ಳೆಯದು, ಲಾರಿಯ ನಳಿಗೆಗೆ ಅಲ್ಲ ಅಂತ ಬಿಡಿಸಿ ಹೇಳಿದೆ. ಭಾವ ಒಪ್ಪಿದರು, ಆದರೆ ಪೂರ್ತಿ ಮನಸ್ಸಿನಿಂದ ಅಲ್ಲ. ಬಂಕಿನಿಂದ ಆ ದ್ರವದ ಕ್ಯಾನ್ ತಂದು ಸುರಿದೆವು. ದೀಪ ಆರಿತು. ಜಯ!

ಇಲ್ಲಿಗೆ ಮುಗಿಸಿ ಮನೆಗೆ ಹೋಗಿದ್ದರೆ ನಾನು ಇವತ್ತಿಗೂ ಪಂಡಿತನೇ.

ಆ ಸಾಫ್ಟ್‌ವೇರ್‌ನಲ್ಲಿ ಇನ್ನೊಂದು ಪುಟ ಇತ್ತು. ಅಲ್ಲಿ ಗಾಡಿಯ ಕಂಪ್ಯೂಟರ್‌ಗೆ ನಾವೇ ಹೇಳಿಕೊಡಬಹುದು. ನಿಂತಾಗ ಇಂಜಿನ್ ಎಷ್ಟು ಸುತ್ತಬೇಕು, ಎಷ್ಟು ಹೊತ್ತು ಸುಮ್ನೆ ನಿಂತರೆ ತಾನೇ ಆಫ್ ಆಗಬೇಕು, ಟೈರ್ ಎಂಥದ್ದು. ಮೊನ್ನೆಯಷ್ಟೇ ಭಾವ ಹೊಸ ಟೈರ್ ಹಾಕಿಸಿದ್ದರು, ಹಳೇ ಅಳತೆಯದೇ, 10.00ಆರ್20. ಆ ಪುಟದಲ್ಲಿ ಟೈರ್ ಎಷ್ಟು ಸಲ ಸುತ್ತುತ್ತೆ ಅನ್ನೋ ಜಾಗದಲ್ಲಿ 499 ಅಂತಿತ್ತು.

ನನಗೆ ಅನುಮಾನ ಬಂತು. ಲೆಕ್ಕದಲ್ಲಿ ನಾನು ಗಟ್ಟಿ. ಪಕ್ಕದ ಜೀನ್ಸ್ ಹೊಲಿಯುವವರ ಹತ್ತಿರ ಅಳತೆ ಟೇಪ್ ಇಸಕೊಂಡು ಬಂದೆ. ಬಳ್ಳಾರಿಯಲ್ಲಿ ಯಾವ ಓಣಿಯಲ್ಲಿ ಕೈ ಚಾಚಿದರೂ ಒಂದು ಜೀನ್ಸ್ ಟೇಪ್ ಸಿಗುತ್ತೆ. ಟೈರಿಗೆ ಸೀಮೆಸುಣ್ಣದಲ್ಲಿ ಒಂದು ಗೆರೆ, ಅದರ ಕೆಳಗೆ ನೆಲಕ್ಕೆ ಒಂದು ಗೆರೆ. ಚಾಚಾ ಗಾಡಿಯನ್ನು ಮೆಲ್ಲಗೆ ಮುಂದೆ ಬಿಟ್ಟರು. ಟೈರಿನ ಗೆರೆ ಮೇಲೆ ಹೋಗಿ, ಇಳಿದು, ಮತ್ತೆ ನೆಲ ಮುಟ್ಟಿತು. ಅಲ್ಲಿಗೆ ಇನ್ನೊಂದು ಗೆರೆ. ಒಂದೂವರೆ ಮೀಟರಿನ ಟೇಪ್ ಎರಡು ಸಲ ಪೂರ್ತಿ, ಮೇಲೆ 22 ಸೆಂಟಿಮೀಟರ್. ಅಂದರೆ ಒಂದು ಸುತ್ತಿಗೆ 3.22 ಮೀಟರ್. ಸಾವಿರ ಮೀಟರಿಗೆ 310 ಸುತ್ತು. ಮಂಡಿಯೂರಿ ಅಳೆದು ಪ್ಯಾಂಟಿನ ಎರಡೂ ಮೊಣಕಾಲು ಕರ‍್ರಗಾಗಿದ್ದವು. ಆದರೆ ಅಳತೆ ಮಾತ್ರ ಪಕ್ಕಾ.

"ಭಾವ, ಕಂಪನಿಯವರು ತಪ್ಪು ಹಾಕಿದ್ದಾರೆ. 310 ಇರಬೇಕಾದ ಕಡೆ 499 ಹಾಕಿದ್ದಾರೆ."

"ಅಷ್ಟು ದೊಡ್ಡ ಕಂಪನಿ ಹಂಗ ಮಾಡ್ತೈತೇನಲೇ?"

"ದೊಡ್ಡವರೇ ಭಾವ ಇಂಥ ತಪ್ಪು ಮಾಡೋದು."

499ರ ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಸಣ್ಣದಾಗಿ 'ಎಂಐ' ಅಂತ ಇತ್ತು. ನಿಜ ಹೇಳುತ್ತೇನೆ, ನೋಡಿದ್ದೆ. ನನಗೆ ಗೊತ್ತಿದ್ದ ಎಂಐ ಅಂದರೆ ಮೊಬೈಲ್ ಫೋನ್ ಒಂದೇ.

ಅಷ್ಟರಲ್ಲಿ ಟೀ ಜೊತೆ ಒಗ್ಗರಣೆ ಮಿರ್ಚಿ ಬಂತು. ತಿಂದ ಕೈಯಲ್ಲೇ 310 ಹೊಡೆದೆ. ಎಣ್ಣೆ ಬೆರಳಿಗೆ ಟಚ್‌ಪ್ಯಾಡ್ ಕೇಳಲಿಲ್ಲ. ಬಾಣ ಒಂದು ಕಡೆ, ನಾನು ಒಂದು ಕಡೆ. ಅದು ಕೂಡ ಒಂದು ಎಚ್ಚರಿಕೆಯೇ ಇತ್ತೇನೋ. ಚಾಚಾನ ಹೆಗಲ ಮೇಲಿನ ಟವೆಲ್ಲಿಗೆ ಬೆರಳು ಒರೆಸಿ ಮತ್ತೆ ಒತ್ತಿದೆ. ಬರೆಯುವಾಗ ಕೀ ಆಫ್ ಮಾಡಬೇಡಿ ಅಂತ ಪರದೆ ಕೆಂಪಗೆ ಹೇಳಿತು. ಭಾವ ಕೀ ಮೇಲೆ ಎರಡೂ ಕೈ ಮುಚ್ಚಿ ನಿಂತರು, ಗಾಳಿಗೆ ದೀಪ ಆರದ ಹಾಗೆ. ಮೂವತ್ತು ಸೆಕೆಂಡ್. ಆಯಿತು.

ಸೋಮವಾರ ರಾತ್ರಿ ಭಾವನ ಫೋನ್. "ಲೇ, ಏನು ಮಾಡಿದಿಯೋ ಮಾರಾಯ? ಲೀಟರಿಗೆ 3 ಬರ್ತಿತ್ತು. ಇವತ್ತು 4.8 ಕೊಟ್ಟೈತಿ!"

ಆ ರಾತ್ರಿ ಅಕ್ಕ ಹೋಳಿಗೆ ಕಳಿಸಿದಳು. ಹಬ್ಬ ಇರಲಿಲ್ಲ.

ಮಂಗಳವಾರವೂ 4.8. ಬುಧವಾರ ಭಾವ ತಮ್ಮ ಗೆಳೆಯರನ್ನು ಅಂಗಡಿಗೆ ಕರಕೊಂಡು ಬಂದು, ಮಠದ ಸ್ವಾಮಿಗಳನ್ನು ತೋರಿಸಿದ ಹಾಗೆ ದೂರದಿಂದ ನನ್ನನ್ನು ತೋರಿಸಿದರು. ನಾನು ಆಧಾರ್ ಕಾರ್ಡ್ ಲ್ಯಾಮಿನೇಶನ್ ಮಾಡುತ್ತ, ಏನೂ ಗೊತ್ತಿಲ್ಲದವನ ಹಾಗೆ ಕೂತಿದ್ದೆ. ನಿಜಕ್ಕೂ ಏನೂ ಗೊತ್ತಿರಲಿಲ್ಲ.

ಖುಷಿ ಇಲ್ಲದವರು ಚಾಚಾ ಒಬ್ಬರೇ. ಗಾಡಿ ಎಳೀತಿಲ್ಲ ಅಂತ ಅವರ ದೂರು. ನಮ್ಮಲ್ಲಿ ಟಿಪ್ಪರ್ ಗಂಟೆಗೆ 60 ದಾಟಬಾರದು ಅಂತ ಕಾನೂನು, ದಾಟದ ಹಾಗೆ ಗಾಡಿಯೇ ಹಿಡಿದುಕೊಳ್ಳುತ್ತೆ. ಅದು ಸರಿ. ಆದರೆ ಮುಳ್ಳು 60 ತೋರಿಸುತ್ತಿದ್ದರೂ ಕುಡಿತಿನಿ ಹತ್ತಿರ ಮೇವು ಹೇರಿದ ಟ್ರ್ಯಾಕ್ಟರ್ ಪಕ್ಕಕ್ಕೆ ಬಂದು ಅಲ್ಲೇ ಜೊತೆಯಾಯಿತಂತೆ. ತೋರಣಗಲ್ಲಿನ ಹತ್ತಿರ ಒಂದು ಹಳೇ ಲೂನಾ ಮುಂದೆ ಹೋಯಿತಂತೆ. ಹಿಂದೆ ಕೂತ ಅಜ್ಜಿ ತಿರುಗಿ ನೋಡಿ ನಕ್ಕಳಂತೆ. ಚಾಚಾಗೆ ಹೆಚ್ಚು ಹತ್ತಿದ್ದು ಆ ನಗು.

"ಲೂನಾಕ್ಕೂ ನೀನೇ ಕಂಪ್ಯೂಟರ್ ಹಾಕೀಯೇನು ಬೇಟಾ?"

ಟ್ರಿಪ್‌ಗಳೂ ತಡ. ಭಾವನ ಅನುಮಾನ, ಚಾಚಾ ದಾರಿಯಲ್ಲಿ ಎಲ್ಲೋ ಮಲಗುತ್ತಾರೆ. ಕ್ಲೀನರ್ ಹುಡುಗ ದೇವರ ಮೇಲೆ ಆಣೆ ಮಾಡಿದ, ಟೀಗೂ ನಿಲ್ಲಿಸಿಲ್ಲ ಅಂತ.

ಶನಿವಾರ ಸಂಜೆ ಚಾಚಾ ಬ್ಯಾಟಾ ಲೆಕ್ಕ ತಂದರು. ಅವರಿಗೆ ಕಿಲೋಮೀಟರಿಗೆ 5 ರೂಪಾಯಿ. ಹೊಸಪೇಟೆ 60 ಕಿಲೋಮೀಟರ್, ಹೋಗಿ ಬಂದರೆ 120, ಆರು ದಿನಕ್ಕೆ 720. ವಾರಕ್ಕೆ 3600 ಕೊಟ್ಟು ಭಾವನಿಗೆ ಅಭ್ಯಾಸ. ಚಾಚಾನ ಪುಸ್ತಕದಲ್ಲಿ 1158 ಕಿಲೋಮೀಟರ್, 5790 ರೂಪಾಯಿ ಅಂತಿತ್ತು.

"ಚಾಚಾ, ಇದೇನ್ರೀ? ಎಲ್ಲಿಗೆ ಹೋಗಿದ್ರಿ?"

"ಹೊಸಪೇಟೆಗೇ ಸಾವುಕಾರ್ರೆ. ಮೀಟರ್ ನೋಡ್ರಿ. ಹೋಗಾಕ 97, ಬರಾಕ 97."

"ಹೊಸಪೇಟೆ 97 ಹೆಂಗಾಗ್ತದ್ರೀ?"

ಚಾಚಾ ಟೋಪಿ ಸರಿ ಮಾಡಿಕೊಂಡರು. "2021ರಾಗ ಬೇರೆ ಜಿಲ್ಲಾ ಆತಲ್ಲ ಸಾವುಕಾರ್ರೆ. ಅವಾಗಿಂದ ಸ್ವಲ್ಪ ಸ್ವಲ್ಪ ದೂರ ಆಗೈತೇನೋ."

"ಮೀಟರ್ ಕೆಟ್ಟೈತಿ!"

"ಮೈಲೇಜ್ ಬಂದಾಗ ಮೀಟರ್ ಖರೇ ಇತ್ತು. ಬ್ಯಾಟಾ ಕೊಡಾಗ ಕೆಟ್ಟೈತೇನು?"

ಇದಕ್ಕೆ ಭಾವನ ಹತ್ತಿರ ಉತ್ತರ ಇರಲಿಲ್ಲ. ನಿಧಾನಕ್ಕೆ ನನ್ನ ಕಡೆ ತಿರುಗಿದರು. ನಾನು ಲೆಕ್ಕ ಹಾಕಿದೆ. ಗಂಟೆಗೆ 60ರಂತೆ 97 ಕಿಲೋಮೀಟರಿಗೆ ಒಂದು ಗಂಟೆ 37 ನಿಮಿಷ. ಚಾಚಾ ತಗೊಂಡದ್ದೂ ಅಷ್ಟೇ. 40 ಲೀಟರ್ ಡೀಸೆಲ್‌ನಲ್ಲಿ 193 ಕಿಲೋಮೀಟರ್, ಅದೇ 4.8. ಎಲ್ಲ ತಾಳೆ ಆಗುತ್ತಿತ್ತು. ತಾಳೆ ಆಗದೇ ಇದ್ದದ್ದು ಹೊಸಪೇಟೆ ಒಂದೇ.

ಭಾನುವಾರ ಬೆಳಗ್ಗೆ ಖಾಲಿ ಗಾಡಿಯಲ್ಲಿ ನಾನೂ ಹತ್ತಿದೆ. ರಸ್ತೆ ಬದಿಯ ಕಿಲೋಮೀಟರ್ ಕಲ್ಲು ಎಣಿಸುತ್ತ ಹೋದೆ. ಐದು ಕಲ್ಲು ದಾಟುವಾಗ ಮೀಟರ್ 8 ಓಡಿತ್ತು. ಇನ್ನೊಂದು ಐದಕ್ಕೆ ಮತ್ತೆ 8. ಐದಕ್ಕೆ ಎಂಟು, ಐದಕ್ಕೆ ಎಂಟು... ಎಲ್ಲೋ ಕೇಳಿದ್ದೀನಲ್ಲ? ನಮ್ಮ ಅಜ್ಜ ಸಾಯುವ ತನಕ ದೂರವನ್ನು ಮೈಲಿಯಲ್ಲೇ ಹೇಳುತ್ತಿದ್ದರು. ಹೇಳಿದಾಗೆಲ್ಲ ನಾವು ಬೆರಳು ಮಡಚಿ ಕಿಲೋಮೀಟರಿಗೆ ಇಳಿಸಬೇಕಿತ್ತು. ಐದು ಮೈಲಿ ಅಂದರೆ ಎಂಟು ಕಿಲೋಮೀಟರ್.

ಎಂಐ.

ಲ್ಯಾಪ್‌ಟಾಪ್ ಅಮೆರಿಕದ್ದು. ಅದರೊಳಗೆ ಕೂತ ಸಾಫ್ಟ್‌ವೇರ್ ಮೈಲಿಗೆ ಎಷ್ಟು ಸುತ್ತು ಅಂತ ಕೇಳಿತ್ತು. 310ನ್ನು 1.609ರಿಂದ ಗುಣಿಸಿ ನೋಡಿದೆ. 499. ಕಂಪನಿಯವರು ಸರಿಯಾಗೇ ಹಾಕಿದ್ದರು. ನಾನು ಜೀನ್ಸ್ ಟೇಪಿನಲ್ಲಿ ಅವರನ್ನು ತಿದ್ದಿದ್ದೆ. ಟೈರ್ ಮೈಲಿಗೆ 310 ಸಲ ಮಾತ್ರ ಸುತ್ತುತ್ತೆ ಅಂತ ನಾನು ಹೇಳಿದ್ದನ್ನು ಆ ಕಂಪ್ಯೂಟರ್ ಪಾಪ ನಂಬಿಬಿಟ್ಟಿತ್ತು. ಅದರ ಲೆಕ್ಕದಲ್ಲಿ ಒಂದೊಂದು ಚಕ್ರವೂ ಹೆಚ್ಚುಕಡಿಮೆ ಆಳೆತ್ತರ. ನಿಜವಾದ 37ಕ್ಕೇ ಅದಕ್ಕೆ 60 ಕಾಣುತ್ತಿತ್ತು, ಕಾನೂನು ನೆನಪಾಗುತ್ತಿತ್ತು, ಹಿಡಿದುಕೊಳ್ಳುತ್ತಿತ್ತು.

ಚಾಚಾನಿಗೆ ಹೇಳಿದೆ. ಅವರು ನಗಲಿಲ್ಲ. "ಅಂದ್ರ ಲೂನಾದ್ದು ತಪ್ಪಿಲ್ಲ" ಅಂದರು, ಸ್ವಲ್ಪ ಸಮಾಧಾನದಿಂದ.

ಮಧ್ಯಾಹ್ನ ಕೈ ಸೋಪು ಹಾಕಿ ತೊಳೆದು, ಲ್ಯಾಪ್‌ಟಾಪನ್ನು ಭಾರತಕ್ಕೆ ತಂದು, ಪಕ್ಕದ ಅಕ್ಷರವನ್ನು ಮೂರು ಸಲ ಓದಿ 310 ಹಾಕಿದೆ. ಈ ಸಲ ಕಿಲೋಮೀಟರಿಗೆ. ಸೋಮವಾರ ಗಾಡಿ ಮೊದಲಿನ ಹಾಗೆ ಓಡಿತು. ಹೊಸಪೇಟೆ ತನ್ನ ಜಾಗಕ್ಕೆ ಬಂತು.

ರಾತ್ರಿ ಭಾವ ಫೋನ್ ಮಾಡಿದರು. ದನಿ ಸಪ್ಪಗಿತ್ತು. "ಮತ್ತ 3ಕ್ಕೆ ಬಂತಲ್ಲೋ ಮೈಲೇಜ್."

"ಭಾವ, ಅದು ಯಾವತ್ತೂ 3ನೇ ಇತ್ತು."

"ಅದು ಗೊತ್ತೈತಿ. ಆದ್ರೂ 4.8 ಚಲೋ ಇತ್ತು. ಗೆಳೆಯರಿಗೆಲ್ಲ ಹೇಳೀನಿ. ಮೈಲೇಜ್ ಅಷ್ಟೇ ಹಂಗ ಇಡಾಕ ಬರಲ್ಲೇನು?"

ಚಾಚಾನದೂ ಅದೇ ಕಥೆ, ಬೇರೆ ದಿಕ್ಕಿನಿಂದ. ಸ್ಪೀಡು ಹೊಸದು ಇರಲಿ, ಕಿಲೋಮೀಟರ್ ಹಳೇದು ಇರಲಿ ಅಂತ ಅಂಗಡಿಗೆ ಬಂದು ಮೆಲ್ಲಗೆ ಕೇಳಿದರು. ಹೋಗುವಾಗ ಬೇಡ, ಬರುವಾಗ ಮಾತ್ರ ಆದರೂ ಸಾಕು ಅಂದರು.

ಆ ವಾರ ಹೆಚ್ಚಿಗೆ ಓಡಿದ 438 ಕಿಲೋಮೀಟರ್ ಮಾತ್ರ ಮೀಟರಿನಲ್ಲಿ ಹಾಗೇ ಉಳಿದಿದೆ. ಅದನ್ನು ಹಿಂದಕ್ಕೆ ತಿರುಗಿಸೋಕೆ ಬರಲ್ಲ, ತಿರುಗಿಸಲೂಬಾರದು. ಇಲ್ಲಿಂದ ಬೆಂಗಳೂರು ದಾಟಿ ಇನ್ನೇನು ಮೈಸೂರು ಮುಟ್ಟುವಷ್ಟು ದೂರ. ಟಿಪ್ಪರ್ ಹೋಗದೇ ಹೋಗಿದೆ. ಆಯಿಲ್ ಬದಲಾಯಿಸೋ ದೀಪ ಕೂಡ ಅಷ್ಟು ಬೇಗ ಹತ್ತಿತು. ಆ ಖರ್ಚಿನ ಬಿಲ್ಲನ್ನು ಭಾವ ನನ್ನ ಅಂಗಡಿಯಲ್ಲೇ ಜೆರಾಕ್ಸ್ ಮಾಡಿಸಿದರು. ಎರಡು ಕಾಪಿ. ದುಡ್ಡು ಕೊಡಲಿಲ್ಲ.

ಬ್ಯಾಟಾ ಜಗಳ ಅಕ್ಕನ ಅಡುಗೆಮನೆಯಲ್ಲಿ ಬಗೆಹರಿಯಿತು. ತಡವಾದದ್ದಕ್ಕೆ ಚಾಚಾನದು ತಪ್ಪಿಲ್ಲ, ಆದ್ದರಿಂದ ಆ ವಾರಕ್ಕೆ 3600ರ ಮೇಲೆ 500. ಮುಂದಿನ ವಾರದಿಂದ ಮೀಟರ್ ಲೆಕ್ಕ ಇಲ್ಲ, ಹೊಸಪೇಟೆ ಅಂದರೆ 60 ಕಿಲೋಮೀಟರ್ ಅಂತ ಬರೆದಿಡಬೇಕು. ಚಾಚಾ ಜೇಬಿನಿಂದ ಪುಸ್ತಕ ತೆಗೆದು, ಪೆನ್ನಿನ ತುದಿ ಕಚ್ಚಿ, ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಬರೆದರು:

ಹೊಸಪೇಟೆ - 60. ಸದ್ಯಕ್ಕೆ.